ಅರ್ಕಾವತ್ತಿನ ಜಾಗ

ಸಿದ್ದಾಪುರ
೧೨ ಆಗಸ್ಟ್ ೨೦೦೧

ಶ್ರೀಮತಿ ನೀಲಾ ಭಟ್ ಅವರಿಗೆ,

ನಮಸ್ಕಾರ. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಲ್ಲಿ ‘ಅಕಾರಾದಿ’ ಎಂಬ ಪ್ರೋಗ್ರಾಂ ಸಿಕ್ಕಿತು. ಪುಸ್ತಕಗಳ ಹೆಸರನ್ನು ಕನ್ನಡದ ಅಕ್ಷರಕ್ರಮದಲ್ಲಿ ಜೋಡಿಸಿ ಕೊಡುತ್ತದೆ ಎಂದು ಬರೆದಿತ್ತು. ಯಾರು ಬೇಕಾದರೂ ಬಳಸಬಹುದು, ಒಳಗಿನ ಕೋಡನ್ನು ತೆರೆದು ನೋಡಬಹುದು, ತಿದ್ದಿ ಹಂಚಬಹುದು ಎಂದೂ ಇತ್ತು. ಬರೆದವರ ಹೆಸರು ನಿಮ್ಮದು, ವಿಳಾಸ ಯಲ್ಲಾಪುರದ ಕಾಲೇಜಿನದು. ಹಾಗಾಗಿ ಈ ಪತ್ರ.

ನಾನು ಸಿದ್ದಾಪುರದಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಟೈಪಿಂಗ್ ಕ್ಲಾಸು ನಡೆಸುತ್ತೇನೆ. ಹದಿನಾಲ್ಕು ಟೈಪ್‌ರೈಟರು, ಎರಡು ಕಂಪ್ಯೂಟರು ಇವೆ. ನನ್ನ ಊರಾದ ನಿಲ್ಕುಂದದ ಪಂಚಾಯ್ತಿ ಗ್ರಂಥಾಲಯವನ್ನು ದೇವಕ್ಕ ಎಂಬವರು ನೋಡಿಕೊಳ್ಳುತ್ತಾರೆ. ಅಲ್ಲಿರುವ ಸಾವಿರದ ನೂರು ಪುಸ್ತಕಗಳಿಗೆ ಸರಿಯಾದ ಪಟ್ಟಿ ಬೇಕೆಂದು ಅವರು ಎರಡು ವರ್ಷದಿಂದ ಕೇಳುತ್ತಿದ್ದರು. ನಿಮ್ಮ ಪ್ರೋಗ್ರಾಂ ಅದಕ್ಕೆ ತಕ್ಕುದಾಗಿತ್ತು.

ಆದರೆ ಅದನ್ನು ಕಂಪ್ಯೂಟರಿಗೆ ಹಾಕಿ ನಡೆಸುವುದಕ್ಕೆ ನನಗೆ ಒಂಬತ್ತು ದಿನ ಬೇಕಾಯಿತು. ಜೊತೆಗಿರುವ ಮಾಹಿತಿ ಇಂಗ್ಲಿಷಿನ ಹನ್ನೊಂದು ಸಾಲು. ಏಳನೆಯ ಸಾಲಿನಲ್ಲಿ ‘ಉಳಿದದ್ದು ತಾನಾಗಿಯೇ ತಿಳಿಯುತ್ತದೆ’ ಎಂಬ ಅರ್ಥದ ಮಾತಿದೆ. ತಿಳಿಯಲಿಲ್ಲ. ಕೊನೆಗೆ ಕೋಡನ್ನೇ ತೆರೆದು ಓದಿದೆ. ಎರಡು ಸಾವಿರದ ಮುನ್ನೂರು ಸಾಲುಗಳ ನಡುವೆ ಓದುವವರಿಗೆಂದು ಬರೆದ ಟಿಪ್ಪಣಿಗಳು ನಾಲ್ಕೇ. ಒಂದು, ‘ಇದನ್ನು ಮುಟ್ಟಬೇಡಿ.’ ಇನ್ನೊಂದು, ‘ಇದು ಯಾಕೆ ಕೆಲಸ ಮಾಡುತ್ತದೋ ಗೊತ್ತಿಲ್ಲ.’ ಉಳಿದೆರಡು ಬರೀ ತಾರೀಕು.

ನಿಮ್ಮ ಪ್ರೋಗ್ರಾಂ ಒಳ್ಳೆಯದು. ಅದು ಒಳ್ಳೆಯದೆಂದು ನಿಮಗೊಬ್ಬರಿಗೆ ಮಾತ್ರ ಗೊತ್ತಿದ್ದರೆ ಸಾಲದು. ಮೂವತ್ತೊಂದು ಪ್ರಶ್ನೆಗಳನ್ನು ಬೇರೆ ಹಾಳೆಯಲ್ಲಿ ಟೈಪ್ ಮಾಡಿ ಇಟ್ಟಿದ್ದೇನೆ. ಉತ್ತರ ಕೊಟ್ಟರೆ ವಿವರಣೆಯನ್ನು ನಾನು ಬರೆಯುತ್ತೇನೆ, ಕನ್ನಡದಲ್ಲಿ.

ಇತಿ,
ಪ್ರತಿಭಾ ಕೆ. ನಾಯ್ಕ


ಯಲ್ಲಾಪುರ
೩೦ ಆಗಸ್ಟ್ ೨೦೦೧

ಪ್ರತಿಭಾ,

ನನಗೆ ‘ನೀವು’ ಎಂದು ಬರೆದಿದ್ದೀಯ. ಮೂರು ವರ್ಷ ಶಿರಸಿಯ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರು ನಾವು. ಇರಲಿ. ನಾನು ಹಾಗೆ ಬರೆಯಲಾರೆ.

ನಿನ್ನ ಪ್ರಶ್ನೆಗಳನ್ನು ನೋಡಿ ಮೊದಲು ಸಿಟ್ಟು ಬಂತು. ಮೂರು ವರ್ಷ, ಕಾಲೇಜಿನ ಪಾಠ ಮುಗಿಸಿ ಪ್ರತಿದಿನ ಸಂಜೆ ಕುಳಿತು ಬರೆದ ಪ್ರೋಗ್ರಾಂ ಅದು. ಯಾರಿಂದಲೂ ಏನೂ ಪಡೆಯದೆ ಎಲ್ಲರಿಗೂ ಬಿಟ್ಟುಕೊಟ್ಟೆ. ಅದಕ್ಕೆ ಬಂದ ಮೊದಲ ಪತ್ರದಲ್ಲೇ ಮೂವತ್ತೊಂದು ತಪ್ಪು. ಎರಡನೆಯ ಸಲ ಓದಿದಾಗ ಗೊತ್ತಾಯಿತು, ಅವು ತಪ್ಪುಗಳಲ್ಲ, ಪ್ರಶ್ನೆಗಳು. ಅದರಲ್ಲಿ ಹನ್ನೆರಡಕ್ಕೆ ನನಗೇ ಉತ್ತರ ಹೊಳೆಯಲಿಲ್ಲ.

ನಿಜ ಹೇಳುತ್ತೇನೆ. ಈ ವರ್ಷ ಅದನ್ನು ಕೈಬಿಡಬೇಕು ಎಂದುಕೊಂಡಿದ್ದೆ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಕೆಡುತ್ತದೆ. ನಾನೇ ಬರೆದದ್ದು ನನಗೇ ಓದಲು ಬರುತ್ತಿಲ್ಲ.

ಕೋಡಿನೊಳಗಿನ ಟಿಪ್ಪಣಿಗಳನ್ನು ಯಾರೂ ಕನ್ನಡದಲ್ಲಿ ಬರೆಯುವುದಿಲ್ಲ, ಅದು ನಡೆಯುವ ಮಾತಲ್ಲ. ಈ ವಿಷಯ ಫೋನಿನಲ್ಲಿ ಮಾತಾಡೋಣ. ಕಾಲೇಜಿನ ನಂಬರು ಕೆಳಗಿದೆ. ಹನ್ನೊಂದರ ಮೇಲೆ ಮಾಡು.

ನೀಲಾ


ಸಿದ್ದಾಪುರ
೯ ಸೆಪ್ಟೆಂಬರ್ ೨೦೦೧

ನೀಲಾ ಅವರಿಗೆ,

ಫೋನು ಬೇಡ. ಮಾತಾಡಿದರೆ ಇಬ್ಬರೂ ಹೂಂ ಹೂಂ ಎಂದು ಇಟ್ಟುಬಿಡುತ್ತೇವೆ, ಮರುದಿನ ಏನೂ ಉಳಿದಿರುವುದಿಲ್ಲ. ನೀವು ಬರೆದು ಕಳಿಸಿದರೆ ಅದೇ ಅರ್ಧ ಟಿಪ್ಪಣಿಯಾಗುತ್ತದೆ.

ಕನ್ನಡದಲ್ಲಿ ಯಾರೂ ಬರೆಯುವುದಿಲ್ಲ ಎಂದಿರಿ. ಈ ಪ್ರೋಗ್ರಾಂ ಮಾಡುವ ಕೆಲಸ ಒಂದೇ, ಕನ್ನಡದ ಅಕ್ಷರಗಳನ್ನು ಸಾಲಾಗಿ ನಿಲ್ಲಿಸುವುದು. ಒತ್ತಕ್ಷರ ಎಂದರೆ ಏನು ಎಂದು ಇಂಗ್ಲಿಷಿನಲ್ಲಿ ವಿವರಿಸಲು ಒಂದು ಪುಟ ಬೇಕು. ಕನ್ನಡದಲ್ಲಿ ‘ಒತ್ತಕ್ಷರ’ ಎಂದರೆ ಮುಗಿಯಿತು. ಮೊದಲು ಕನ್ನಡದಲ್ಲಿ ಬರೆಯೋಣ. ಆಮೇಲೆ ಬೇಕಾದವರು ಬೇಕಾದ ಭಾಷೆಗೆ ಮಾಡಿಕೊಳ್ಳಲಿ.

ಮೊದಲ ಪ್ರಶ್ನೆಯಿಂದಲೇ ಶುರುಮಾಡಿ. ಕೋಡಿನ ಒಂದು ಭಾಗಕ್ಕೆ ‘ತಂಬುಳಿ’ ಎಂದು ಹೆಸರಿಟ್ಟಿದ್ದೀರಿ. ಅದರ ಪಕ್ಕದ್ದು ‘ದೋಸೆ೨’. ‘ದೋಸೆ೧’ ಎಲ್ಲೂ ಇಲ್ಲ. ತಂಬುಳಿ ಏನು ಮಾಡುತ್ತದೆ? ‘ಇದನ್ನು ಮುಟ್ಟಬೇಡಿ’ ಎಂದು ಬರೆದಿರುವುದು ಅದರ ನೆತ್ತಿಯ ಮೇಲೆ.

ಇತಿ,
ಪ್ರತಿಭಾ ಕೆ. ನಾಯ್ಕ


ಯಲ್ಲಾಪುರ
೨ ಅಕ್ಟೋಬರ್ ೨೦೦೧

ಪ್ರತಿಭಾ,

ಅದನ್ನು ಬರೆದ ದಿನ ಊಟಕ್ಕೆ ತಂಬುಳಿ ಮಾಡಿದ್ದೆ. ಹೆಸರು ಹೊಳೆಯಲಿಲ್ಲ, ಅದನ್ನೇ ಇಟ್ಟೆ. ದೋಸೆ೧ ಕೆಲಸ ಮಾಡಲಿಲ್ಲ, ಅಳಿಸಿದೆ. ಇದಕ್ಕಿಂತ ದೊಡ್ಡ ಕಾರಣವಿಲ್ಲ.

ನಿನ್ನ ಪತ್ರ ಓದಿ ಅಡುಗೆಮನೆಯಲ್ಲಿ ನಗುತ್ತಾ ಕುಳಿತಿದ್ದೆ. ಅತ್ತೆ ಕೇಳಿದರು, “ಎಂತದೇ ಅದು, ಒಬ್ಬಳೇ ನಗ್ತಾ ಇದ್ದೆ?” “ಎನ್ನ ಗೆಳತಿ ಕಾಗದ ಬರದ್ದು ಅತ್ತೆ,” ಎಂದೆ. ಹೇಳಿದ ಮೇಲೆ, ಹಾಗೆ ಹೇಳಬಹುದೋ ಬಾರದೋ ಎಂದು ಯೋಚನೆಯಾಯಿತು.

ತಂಬುಳಿ ಮಾಡುವ ಕೆಲಸ ಇದು. ‘ಧರ್ಮ’ ಎಂದು ಹೊಡೆಯುವಾಗ ನಾವು ಮೊದಲು ಧ, ಆಮೇಲೆ ಮ, ಕೊನೆಗೆ ಅರ್ಕಾವತ್ತು ಹೊಡೆಯುತ್ತೇವೆ. ಕಂಪ್ಯೂಟರು ಅದನ್ನು ಹಾಗೆಯೇ ಇಟ್ಟುಕೊಳ್ಳುತ್ತದೆ. ಅದಕ್ಕೆ ಗೊತ್ತಿರುವುದು ಅಕ್ಷರಗಳ ಆಕಾರ, ಉಚ್ಚಾರವಲ್ಲ. ಹಾಗೆ ಬಿಟ್ಟರೆ ‘ಧರ್ಮ’ ಎಂಬುದು ‘ಧಮ’ದ ಜಾಗಕ್ಕೆ ಹೋಗಿ ಕೂರುತ್ತದೆ. ಅದಕ್ಕೇ ಜೋಡಿಸುವ ಮೊದಲು ಆ ರ್ ಅನ್ನು ಹಿಡಿದು ಒಂದು ಹೆಜ್ಜೆ ಹಿಂದಕ್ಕೆ, ಮ ಅಕ್ಷರದ ಮುಂಚೆ ತಂದು ನಿಲ್ಲಿಸುತ್ತೇನೆ. ಗುಣಿತ ಸೇರಿದ ಅಕ್ಷರವನ್ನೂ ಒಂದೇ ಎಂದು ಎಣಿಸುತ್ತದೆ, ಹಾಗಾಗಿ ‘ಕಾರ್ತಿಕ’ಕ್ಕೂ ತೊಂದರೆಯಿಲ್ಲ. ಇಷ್ಟೇ.

ಇಷ್ಟು ಬರೆಯುವುದಕ್ಕೆ ಎರಡು ಗಂಟೆ ಹಿಡಿಯಿತು. ಕೋಡು ಬರೆದದ್ದು ಹದಿನೈದು ನಿಮಿಷದಲ್ಲಿ. ಇನ್ನೂ ಮೂವತ್ತು ಪ್ರಶ್ನೆಗಳಿವೆ. ನಿನಗೆ ನನ್ನ ಮೇಲೆ ಬಹಳ ಸೇಡು ಇರಬೇಕು.

ನೀಲಾ


ಸಿದ್ದಾಪುರ
೧೮ ನವೆಂಬರ್ ೨೦೦೧

ನೀಲಾ ಅವರಿಗೆ,

ಒಂದೂವರೆ ತಿಂಗಳಲ್ಲಿ ಮೂವತ್ತಕ್ಕೆ ಮೂವತ್ತೂ ಉತ್ತರ ಕೊಟ್ಟಿರಿ. ಮಾಹಿತಿ ಪುಸ್ತಕದ ಮೊದಲ ಇಪ್ಪತ್ತಾರು ಪುಟಗಳನ್ನೂ ಟಿಪ್ಪಣಿ ಸೇರಿಸಿದ ಕೋಡಿನ ಫ್ಲಾಪಿಯನ್ನೂ ಇಟ್ಟಿದ್ದೇನೆ. ಊಟದ ಹೆಸರುಗಳನ್ನೆಲ್ಲ ತೆಗೆದಿದ್ದೇನೆ. ತಂಬುಳಿಯ ಹೆಸರು ಈಗ ‘ರ_ಹಿಂದೆ_ಸರಿಸು’ ಎಂದು, ಇಂಗ್ಲಿಷ್ ಅಕ್ಷರದಲ್ಲಿ. ಅದರ ಮೇಲಿನ ಟಿಪ್ಪಣಿ ಹೀಗಿದೆ:

‘ಅರ್ಕಾವತ್ತನ್ನು ಬರೆಯುವುದು ವ್ಯಂಜನದ ನಂತರ, ಉಚ್ಚರಿಸುವುದು ಮೊದಲು. ಜೋಡಣೆಗೆ ಉಚ್ಚಾರವೇ ಆಧಾರ. ಆದ್ದರಿಂದ ಈ ಭಾಗ ರ್ ಅನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸುತ್ತದೆ. ಒಂದೇ ಹೆಜ್ಜೆ ಯಾಕೆಂದರೆ, ಹಿಂದೆ ಇರುವುದು ಒಂದೇ ವ್ಯಂಜನ ಎಂದು ನಾವು ನಂಬಿದ್ದೇವೆ.’

ಪುಸ್ತಕ ಬರೆದ ಮೇಲೆ ಅದನ್ನು ಪರೀಕ್ಷೆ ಮಾಡಬೇಕಿತ್ತು. ದೇವಕ್ಕನನ್ನು ಕ್ಲಾಸಿಗೆ ಕರೆಸಿದೆ. ವಯಸ್ಸು ಐವತ್ಮೂರು, ಏಳನೆಯ ಇಯತ್ತೆ ಓದಿದವರು, ಕಂಪ್ಯೂಟರನ್ನು ಮುಟ್ಟಿದವರಲ್ಲ. ಪುಟಗಳನ್ನು ಕೈಗೆ ಕೊಟ್ಟು, ನಾನು ಬಾಯಿಬಿಡುವುದಿಲ್ಲ ಎಂದು ಹೇಳಿ, ಹಿಂದೆ ಕುರ್ಚಿ ಹಾಕಿಕೊಂಡು ಕುಳಿತೆ.

ಮೂರನೆಯ ಪುಟದಲ್ಲಿ ನಿಂತುಬಿಟ್ಟರು. ಕಾಲು ಗಂಟೆ ಕೀಲಿಮಣೆಯ ಮೇಲೆ ಬೆರಳಾಡಿಸಿ ನನ್ನ ಕಡೆ ತಿರುಗಿದರು. “ಪ್ರವೇಶದ ಗುಂಡಿ ಒತ್ತಿ ಅಂತ ಬರ್ದಿದ್ಯಲ್ಲೇ, ಪ್ರವೇಶ ಎಲ್ಲಿ ಅದೆ? ನಾ ಆಗಿಂದ ಬಾಗ್ಲು ಹುಡುಕ್ದಂಗೆ ಹುಡುಕ್ತಾ ಇದ್ದೆ.”

ಆ ಗುಂಡಿಯ ಮೇಲೆ ಎಂಟರ್ ಎಂದು ಬರೆದಿರುತ್ತದೆ. ಕನ್ನಡ ಮಾಡುವ ಹುಮ್ಮಸ್ಸಿನಲ್ಲಿ ನಾನು ಅದನ್ನು ಪ್ರವೇಶ ಮಾಡಿದ್ದೆ. ಹಾಗೆ ಆವತ್ತು ಹದಿನೇಳು ಕಡೆ ನಿಂತರು. ಒಂದೊಂದನ್ನೂ ಗುರುತುಹಾಕಿಕೊಂಡೆ. ಎರಡನೆಯ ವಾರ ಆರು ಕಡೆ. ಮೊನ್ನೆ ಶುಕ್ರವಾರ ಎಲ್ಲೂ ನಿಲ್ಲಲಿಲ್ಲ. ನಲವತ್ತು ಪುಸ್ತಕಗಳ ಹೆಸರು ಹೊಡೆದು, ಜೋಡಿಸಿ, ಮುದ್ರಿಸಿ, ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡಿದರು. “ಸಾಲಾಗಿ ಬಂದವು,” ಎಂದರು. ಅಷ್ಟೇ ಅಂದದ್ದು. ಊರಿಗೆ ಹೋಗುವ ಬಸ್ಸಿನಲ್ಲಿ ಆ ಹಾಳೆಯನ್ನು ಕಂಡಕ್ಟರನಿಗೂ ತೋರಿಸಿದರಂತೆ.

ನೀಲಾ ಅವರೇ, ನಾನು ಒಂಬತ್ತು ವರ್ಷದಿಂದ ಬೇರೆಯವರು ಬರೆದದ್ದನ್ನು ಟೈಪ್ ಮಾಡುತ್ತಾ ಬಂದವಳು. ನಾನು ಬರೆದದ್ದನ್ನು ಓದಿ ಒಬ್ಬರು ಕೆಲಸ ಮಾಡಿದ್ದು ಇದೇ ಮೊದಲು.

ಇನ್ನೊಂದು ಪ್ರಶ್ನೆ ಉಳಿದಿದೆ. ಆ ಮೂವತ್ತೊಂದರಲ್ಲಿ ಅದು ಇರಲಿಲ್ಲ. ಕೋಡಿನ ನಡುವೆ ಒಂದು ದೊಡ್ಡ ಪಟ್ಟಿ ಇದೆ. ಯಾವ ಅಕ್ಷರದ ನಂತರ ಯಾವುದು, ಅನುಸ್ವಾರ ಎಲ್ಲಿ ನಿಲ್ಲಬೇಕು, ಕ್ಷ ಮತ್ತು ಜ್ಞ ಕೊನೆಯಲ್ಲಿ ಬರದೆ ಕ ಮತ್ತು ಜ ಅಕ್ಷರಗಳ ಒಳಗೇ ಯಾಕೆ ಬರಬೇಕು ಎಂಬ ಪಟ್ಟಿ. ಪ್ರೋಗ್ರಾಮಿನ ಪ್ರಾಣವೇ ಅದು. ಅಂಥ ಪಟ್ಟಿ ಎಲ್ಲಿಂದ ಬಂತು ಎಂದು ಟಿಪ್ಪಣಿಯಲ್ಲಿ ಹೇಳಬೇಕು. ಮುಂದೆ ಅನುಮಾನ ಬಂದವರು ಮೂಲವನ್ನು ಹುಡುಕಿಕೊಂಡು ಹೋಗಲು ಅದು ಬೇಕು.

ಅದರ ಮೇಲೆ ಏನೆಂದು ಬರೆಯಲಿ?

ಇತಿ,
ಪ್ರತಿಭಾ ಕೆ. ನಾಯ್ಕ


ಸಿದ್ದಾಪುರ
೬ ಜನವರಿ ೨೦೦೨

ನೀಲಾ ಅವರಿಗೆ,

ಉತ್ತರ ಬಂದಿಲ್ಲ. ಅಂಚೆಯವರನ್ನು ಕೇಳಿದೆ, ನಿಮ್ಮ ಕಡೆಯಿಂದ ಏನೂ ಬಂದಿಲ್ಲ ಎಂದರು.

ಉಳಿದ ಪುಟಗಳೆಲ್ಲ ಮುಗಿದಿವೆ. ಆ ಪಟ್ಟಿಯ ಮೇಲೆ ಮೂರು ಸಾಲಿನಷ್ಟು ಜಾಗ ಖಾಲಿ ಬಿಟ್ಟಿದ್ದೇನೆ. ಅವಸರವಿಲ್ಲ.

ಪ್ರತಿಭಾ


ಯಲ್ಲಾಪುರ
೩ ಫೆಬ್ರವರಿ ೨೦೦೨

ಪ್ರತಿಭಾ,

ಎರಡು ತಿಂಗಳಲ್ಲಿ ಐದು ಪತ್ರ ಬರೆದು ಹರಿದಿದ್ದೇನೆ. ಇದನ್ನು ಮುಗಿಸಿದ ಕೂಡಲೇ ಡಬ್ಬಿಗೆ ಹಾಕಿ ಬರುತ್ತೇನೆ, ಮತ್ತೊಮ್ಮೆ ಓದುವುದಿಲ್ಲ.

ಆ ಪಟ್ಟಿ ನಿನ್ನದು. ಕಾಲೇಜಿನ ಕೊನೆಯ ವರ್ಷ, ಗ್ರಂಥಾಲಯದ ಕಾರ್ಡುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಪ್ರಾಜೆಕ್ಟು ನಮ್ಮಿಬ್ಬರಿಗೂ ಸೇರಿದ್ದು. ನಾಲ್ಕು ನಿಘಂಟುಗಳನ್ನು ಹರಡಿಕೊಂಡು ನೀನು ಎರಡು ತಿಂಗಳು ಕುಳಿತು ನಿಯಮಗಳನ್ನು ನೋಟ್‌ಬುಕ್ಕಿನಲ್ಲಿ ಬರೆದೆ. ನಾನು ಅದನ್ನು ನೋಡಿಕೊಂಡು ಪ್ರೋಗ್ರಾಂ ಬರೆದೆ. ನಿನ್ನ ನೋಟ್‌ಬುಕ್ಕು ಇಲ್ಲದಿದ್ದರೆ ನನಗೆ ಬರೆಯುವುದಕ್ಕೇ ಏನೂ ಇರಲಿಲ್ಲ.

ಧಾರವಾಡದ ವಿಜ್ಞಾನ ಪ್ರದರ್ಶನದಲ್ಲಿ ತೀರ್ಪುಗಾರರು ಬಂದು, “ಇದನ್ನ ಮಾಡಿದವರು ಯಾರ್ರಿ?” ಎಂದು ಕೇಳಿದರು. ನಾನು, “ನಾನು,” ಎಂದೆ. ನಿನ್ನ ಕಡೆ ತೋರಿಸಿ, “ಇವರು?” ಎಂದರು. “ಟೈಪ್ ಮಾಡಿಕೊಟ್ಟವರು,” ಎಂದೆ.

ಬಹುಮಾನ ಬಂತು. ವಾಪಸು ಬರುವಾಗ ಶಿರಸಿಯವರೆಗೂ ನನ್ನ ಪಕ್ಕದ ಸೀಟು ಖಾಲಿ ಇತ್ತು. ನೀನು ಹಿಂದೆ ಹೋಗಿ ಕುಳಿತಿದ್ದೆ. ಇಳಿದವಳು ತಿರುಗಿ ನೋಡದೆ ಸಿದ್ದಾಪುರದ ಬಸ್ಸು ಹತ್ತಿದೆ. ಅವರು ಅವಸರದಲ್ಲಿದ್ದರು, ಬಾಯಿತಪ್ಪಿ ಹಾಗೆ ಬಂತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಬಾಯಿತಪ್ಪಿ ಬಂದದ್ದಲ್ಲ. ಗದ್ದೆ ಕೆಲಸದ ಕೆರಿಯಪ್ಪನವರ ಮಗಳಾದ ನೀನು ನಿಘಂಟು ಓದಿ ನಿಯಮ ಮಾಡಿದ್ದೀಯ ಎಂದರೆ ಅವರು ನಂಬುತ್ತಾರೋ ಇಲ್ಲವೋ ಎಂದು ಆ ಒಂದು ಕ್ಷಣ ನನಗೆ ಅನ್ನಿಸಿತ್ತು. ಅವರಿಗಲ್ಲ, ನನಗೆ ಅನ್ನಿಸಿದ್ದು. ಅದನ್ನು ಬರೆಯುವುದಕ್ಕೇ ಎರಡು ತಿಂಗಳು ಬೇಕಾಯಿತು.

ಪ್ರೋಗ್ರಾಮನ್ನು ಹೊಸದಾಗಿ ಬರೆಯುವಾಗಲೂ ಆ ಪಟ್ಟಿಯನ್ನು ಹಾಗೆಯೇ ಎತ್ತಿ ಹಾಕಿದೆ. ಹೆಸರು ನನ್ನದು ಮಾತ್ರ ಹಾಕಿದೆ. ಮೊದಲ ಪತ್ರ ಬರೆಯುವ ಮೊದಲೇ ನಿನಗೆ ಅದು ಗೊತ್ತಿತ್ತು.

ಆ ಮೂರು ಸಾಲಿನ ಜಾಗದಲ್ಲಿ ಹೀಗೆ ಬರೆ: ‘ಈ ಅಕ್ಷರಕ್ರಮವನ್ನು ೧೯೯೨ರಲ್ಲಿ ನಾಲ್ಕು ನಿಘಂಟುಗಳನ್ನು ಹೋಲಿಸಿ ರೂಪಿಸಿದವರು ಪ್ರತಿಭಾ ಕೆ. ನಾಯ್ಕ. ನೀಲಾ ಭಟ್ ಇದನ್ನು ಅವರ ಹೆಸರು ಹೇಳದೆ ಬಳಸಿದರು. ಅದು ತಪ್ಪು. ಅದಕ್ಕಾಗಿ ಕ್ಷಮೆ ಕೇಳುತ್ತಾರೆ.’

ನೀಲಾ


ಸಿದ್ದಾಪುರ
೧೪ ಫೆಬ್ರವರಿ ೨೦೦೨

ನೀಲಾ,

ಹೌದು, ಗೊತ್ತಿತ್ತು. ಸಿ.ಡಿ. ತೆರೆದ ದಿನ ಆ ಪಟ್ಟಿಯನ್ನು ನೋಡಿ ಎದ್ದು ಹೊರಗೆ ಹೋಗಿ, ಬಸ್‌ಸ್ಟ್ಯಾಂಡಿನ ಸುತ್ತ ಎರಡು ಸುತ್ತು ಹಾಕಿ ಬಂದಿದ್ದೆ. ಜಗಳ ಮಾಡುವ ಪತ್ರ ಬರೆಯಬೇಕು ಎಂದೇ ಟೈಪ್‌ರೈಟರಿಗೆ ಹಾಳೆ ಹಾಕಿದ್ದೆ. ಆಮೇಲೆ ಉಳಿದ ಕೋಡು ಓದುತ್ತಾ ಹೋದೆ. ಅರ್ಥವಾಗದಿದ್ದರೂ ಅದು ಎಷ್ಟು ಕಷ್ಟದ ಕೆಲಸ ಎಂಬುದು ಗೊತ್ತಾಯಿತು. ನನ್ನ ಪಟ್ಟಿ ಹತ್ತು ವರ್ಷ ನೋಟ್‌ಬುಕ್ಕಿನಲ್ಲಿ ಕೊಳೆಯದೆ ಕೆಲಸ ಮಾಡುತ್ತಿತ್ತು. ಸಿಟ್ಟೂ ಇತ್ತು, ಹೆಮ್ಮೆಯೂ ಇತ್ತು. ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕುವುದು ಹೇಗೆಂದು ತಿಳಿಯದೆ ಮೂವತ್ತೊಂದು ಪ್ರಶ್ನೆ ಬರೆದೆ.

ನೀನು ಹೇಳಿದ್ದರಲ್ಲಿ ಮೊದಲ ವಾಕ್ಯ ಇಟ್ಟುಕೊಂಡಿದ್ದೇನೆ. ನಿಘಂಟುಗಳ ವಿವರವನ್ನೂ ಎಲ್ಲೆಲ್ಲಿ ಅವು ಒಂದಕ್ಕೊಂದು ಒಪ್ಪುವುದಿಲ್ಲ ಎಂಬುದನ್ನೂ ಸೇರಿಸಿದ್ದೇನೆ. ಉಳಿದದ್ದನ್ನು ಬಿಟ್ಟಿದ್ದೇನೆ. ಟಿಪ್ಪಣಿಯಲ್ಲಿ ಇರಬೇಕಾದ್ದು ಮುಂದೆ ಓದುವವರಿಗೆ ಬೇಕಾದ ಮಾತು ಮಾತ್ರ. ಕ್ಷಮೆ ಬೇಕಾಗಿದ್ದದ್ದು ನನಗೆ. ಅದು ನಿನ್ನ ಪತ್ರದಲ್ಲಿ ಬಂದಿದೆ, ಅಲ್ಲೇ ಇರಲಿ.

ಅಪ್ಪನಿಗೆ ಓದಿ ಹೇಳಿದೆ. ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದವನು ಚೊಂಬು ಕೆಳಗಿಟ್ಟು, “ಆ ಭಟ್ರ ಹುಡುಗಿ ಕೈಯಾರೆ ಬರ್ದಿದ್ದಾ ಇದು?” ಎಂದ. ಹೌದು ಎಂದೆ. “ಬರ್ಯಕ್ಕೆ ಗಟ್ಟಿ ಬೇಕು ಬಿಡು,” ಎಂದ.

ಮಾಹಿತಿ ಪುಸ್ತಕ ಎಪ್ಪತ್ತೆರಡು ಪುಟ ಆಗಿದೆ. ಒಂಬತ್ತನೆಯ ಅಧ್ಯಾಯವನ್ನು ನೀನು ಸರಿಯಾಗಿ ಓದು. ಕೋಡನ್ನು ತಿದ್ದಿ ಮತ್ತೆ ಪ್ರೋಗ್ರಾಂ ಮಾಡಿಕೊಳ್ಳುವುದು ಹೇಗೆ ಎಂದು ಅಲ್ಲಿ ಬರೆದಿದ್ದೇನೆ. ನಾನೇ ಕಲಿಯುತ್ತಾ ಬರೆದದ್ದು, ತಪ್ಪಿರಬಹುದು.

ಪ್ರತಿಭಾ


ಯಲ್ಲಾಪುರ
೨೨ ಸೆಪ್ಟೆಂಬರ್ ೨೦೦೨

ಪ್ರಿಯ ಪ್ರತಿಭಾ,

ಒಂಬತ್ತನೆಯ ಅಧ್ಯಾಯದಲ್ಲಿ ತಪ್ಪಿಲ್ಲ ಎಂದು ಹಿಂದೆಯೇ ಬರೆದಿದ್ದೆ. ಈಗ ಇನ್ನೊಂದು ಸುದ್ದಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕಿನ ಮೂವತ್ತು ಪಂಚಾಯ್ತಿ ಗ್ರಂಥಾಲಯಗಳಿಗೆ ಒಂದು ದತ್ತಿ ಸಂಸ್ಥೆಯವರು ಹಳೆಯ ಕಂಪ್ಯೂಟರುಗಳನ್ನು ಕೊಡುತ್ತಾರಂತೆ. ಅದರಲ್ಲಿ ಯಾವ ಪ್ರೋಗ್ರಾಂ ಹಾಕಬೇಕು ಎಂದು ಡಿಸೆಂಬರಿನಲ್ಲಿ ಶಿರಸಿಯಲ್ಲಿ ಸಭೆ. ಒಂದು ಇಂಗ್ಲಿಷ್ ಪ್ರೋಗ್ರಾಂ ಇದೆ. ಅದರಲ್ಲಿ ಕನ್ನಡ ಪುಸ್ತಕದ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು. ಇನ್ನೊಂದು ನಮ್ಮದು. ಸಭೆಗೆ ಶಾಂತಾರಾಮ ಮಾಸ್ತರರು ಅಧ್ಯಕ್ಷರು. ನಿವೃತ್ತ ಕನ್ನಡ ಪಂಡಿತರು, ವ್ಯಾಕರಣದಲ್ಲಿ ಯಾರನ್ನೂ ಬಿಡುವವರಲ್ಲ.

ನಾನು ಪ್ರೋಗ್ರಾಂ ತೋರಿಸುತ್ತೇನೆ, ನೀನು ಪುಸ್ತಕದ ಬಗ್ಗೆ ಮಾತಾಡು. ದೇವಕ್ಕನನ್ನು ಕರೆದುಕೊಂಡು ಬಾ. ನಾವು ಹತ್ತು ವರ್ಷದ ಮೇಲೆ ಮುಖ ನೋಡುತ್ತಿದ್ದೇವೆ.

ನಿನ್ನ
ನೀಲಾ


ಸಿದ್ದಾಪುರ
೧೭ ಡಿಸೆಂಬರ್ ೨೦೦೨

ಪ್ರಿಯ ನೀಲಾ,

ಹುಬ್ಬಳ್ಳಿಯ ಆಸ್ಪತ್ರೆಯ ವಿಳಾಸಕ್ಕೆ ಇದನ್ನು ಬರೆಯುತ್ತಿದ್ದೇನೆ. ನಿನ್ನ ಅತ್ತೆಯವರಿಗೆ ಸೊಂಟದ ಆಪರೇಷನ್ ಸರಿಯಾಗಿ ಆಯಿತು ಎಂದು ಕೇಳಿ ಸಮಾಧಾನವಾಯಿತು. ಅವರು ಜಾರಿ ಬಿದ್ದದ್ದು ಸಭೆಯ ಹಿಂದಿನ ದಿನವೇ ಆದದ್ದಕ್ಕೆ ನಿನ್ನಿಂದ ಏನು ಮಾಡಲಾಗುತ್ತಿತ್ತು? ಸಭೆಯ ಸುದ್ದಿ ನಿನಗೆ ಒಂದು ವಾಕ್ಯದಲ್ಲಿ ಸಿಕ್ಕಿರಬೇಕು. ಪೂರ್ತಿ ಹೇಳುತ್ತೇನೆ.

ನನ್ನ ಕ್ಲಾಸಿನ ಕಂಪ್ಯೂಟರನ್ನೇ ಹಾಸಿಗೆಯಲ್ಲಿ ಸುತ್ತಿ ಟೆಂಪೋದಲ್ಲಿ ತೆಗೆದುಕೊಂಡು ಹೋಗಿದ್ದೆ. ಮೂವತ್ತು ಗ್ರಂಥಾಲಯದವರೂ ಬಂದಿದ್ದರು. ಮೊದಲು ಇಂಗ್ಲಿಷ್ ಪ್ರೋಗ್ರಾಮಿನವರು ತೋರಿಸಿದರು, ಬಣ್ಣಬಣ್ಣವಾಗಿತ್ತು. ಆಮೇಲೆ ನಾನು. ನಿನ್ನ ಕೆಲಸವನ್ನೂ ನಾನೇ ಮಾಡಬೇಕಾಯಿತು. ಇನ್ನೂರು ಪುಸ್ತಕಗಳನ್ನು ಜೋಡಿಸಿ ತೋರಿಸಿದೆ, ಎಲ್ಲ ಸರಿಯಾಗಿತ್ತು. ಶಾಂತಾರಾಮ ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಮುಂದೆ ಬಂದರು.

“ತಂಗೀ, ‘ಮರ್ತ್ಯ’ ಅಂತ ಹೊಡಿ ನೋಡ್ವಾ.”

ಹೊಡೆದೆ. ಅದು ಹೋಗಿ ‘ಮತ’ದ ಪಕ್ಕದಲ್ಲಿ, ‘ಮದುವೆ’ಯ ಮುಂಚೆ ಕೂತಿತು. ಇರಬೇಕಾದ್ದು ‘ಮರ’ದ ಆಚೆ.

“‘ಅರ್ಘ್ಯ’ ಹೊಡಿ.” ಅದೂ ತಪ್ಪು ಜಾಗಕ್ಕೆ ಹೋಯಿತು.

ಸಭೆಯಲ್ಲಿ ಗುಜುಗುಜು ಶುರುವಾಯಿತು. ಇಂಗ್ಲಿಷ್ ಪ್ರೋಗ್ರಾಮಿನವರಲ್ಲಿ ಒಬ್ಬರು ನಕ್ಕರು. ನಾನು ಕೀಲಿಮಣೆಯಿಂದ ಕೈ ತೆಗೆದು ಸಭೆಯ ಕಡೆ ತಿರುಗಿದೆ. ಬಾಯಿ ತಾನಾಗಿಯೇ ಹೇಳಿತು, “ಇದು ನಮ್ಮ ತಪ್ಪು. ಊಟದ ನಂತರ ಸರಿಮಾಡಿ ತೋರಿಸುತ್ತೇನೆ.”

“ಬರೆದವ್ರು ಹುಬ್ಬಳ್ಳಿಲಿ ಇದ್ದಾರಂತೆ. ನೀ ಹ್ಯಾಂಗೆ ಸರಿಮಾಡ್ತೆ?” ಎಂದರು ಮಾಸ್ತರರು.

“ಬರೆದವರಲ್ಲಿ ನಾನೂ ಒಬ್ಬಳು,” ಎಂದೆ.

ಎಲ್ಲರೂ ಊಟಕ್ಕೆ ಎದ್ದರು. ಆಸ್ಪತ್ರೆಗೆ ಫೋನ್ ಮಾಡಿಸಿದೆ, ನೀನು ಸಿಗಲಿಲ್ಲ. ಒಂದು ಗಂಟೆ ಇತ್ತು. ದೇವಕ್ಕ ಪಕ್ಕದಲ್ಲಿ ಕುಳಿತು ನಮ್ಮ ಪುಸ್ತಕ ತೆರೆದರು. ನಾನು ಅರ್ಕಾವತ್ತಿನ ಭಾಗವನ್ನು ತೆರೆದೆ. ಎರಡೂ ಶಬ್ದಗಳಲ್ಲಿ ಅದೇ ಇತ್ತಲ್ಲ. ಭಯಕ್ಕೆ ಕೋಡಿನ ಸಾಲುಗಳು ಕಣ್ಣಿಗೆ ಹತ್ತಲೇ ಇಲ್ಲ. ಹತ್ತಿದ್ದು ಅದರ ಮೇಲಿನ ಟಿಪ್ಪಣಿ. ‘ಹಿಂದೆ ಇರುವುದು ಒಂದೇ ವ್ಯಂಜನ ಎಂದು ನಾವು ನಂಬಿದ್ದೇವೆ.’

ನಂಬಿಕೆ ತಪ್ಪಾಗಿತ್ತು. ‘ಮರ್ತ್ಯ’ ಹೊಡೆಯುವಾಗ ಮ, ತ, ಯ ಒತ್ತು, ಆಮೇಲೆ ಅರ್ಕಾವತ್ತು. ಒಂದು ಹೆಜ್ಜೆ ಹಿಂದಕ್ಕೆ ಹೋದ ರ್ ಆ ಒತ್ತನ್ನು ಮಾತ್ರ ದಾಟಿ ತ ಅಕ್ಷರದ ಈಚೆಗೇ ನಿಂತುಬಿಡುತ್ತಿತ್ತು. ಹಿಂದೆ ಒತ್ತು ಇರುವಷ್ಟು ಹೊತ್ತೂ ಅದು ಸರಿಯುತ್ತಲೇ ಇರಬೇಕು, ಮೂಲ ವ್ಯಂಜನವನ್ನು ದಾಟಿದ ಮೇಲೆ ನಿಲ್ಲಬೇಕು.

ಎರಡು ಸಾಲು ಬದಲಾಯಿಸಿದೆ, ಒಂದು ಸಾಲು ಸೇರಿಸಿದೆ. ತಿದ್ದಿದ ಕೋಡನ್ನು ಮತ್ತೆ ಪ್ರೋಗ್ರಾಂ ಮಾಡಬೇಕು, ಆ ಆಜ್ಞೆ ಗಾಬರಿಯಲ್ಲಿ ಮರೆತುಹೋಯಿತು. ನಾನೇ ಬರೆದ ಅಧ್ಯಾಯ, ನನಗೇ ನೆನಪಿಲ್ಲ. ದೇವಕ್ಕ ಬೆರಳಿಟ್ಟುಕೊಂಡು ಓದಿ ಹೇಳಿದರು, “ಅರವತ್ನಾಲ್ಕನೇ ಪುಟ. ಹೊಡಿ, ನಾ ಹೇಳ್ತೆ.” ಒಂದೊಂದೇ ಅಕ್ಷರ ಹೇಳಿದರು. ನಾನು ಹೊಡೆದೆ.

ಮೊದಲ ಸಲ ನಡೆಯಲಿಲ್ಲ, ಒಂದು ಆವರಣ ಚಿಹ್ನೆ ಬಿಟ್ಟಿದ್ದೆ. ಎರಡನೆಯ ಸಲ ನಡೆಯಿತು.

ಊಟ ಮುಗಿಸಿ ಬಂದ ಮಾಸ್ತರರು ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡರು. ಮರ್ತ್ಯ, ಅರ್ಘ್ಯ, ಸಾಮರ್ಥ್ಯ, ಈರ್ಷ್ಯೆ ಎಂದು ನಲವತ್ತು ಶಬ್ದ ಹೊಡೆಸಿದರು. ಒಂದೂ ಜಾಗ ತಪ್ಪಲಿಲ್ಲ. ಆಮೇಲೆ ಕೇಳಿದರು, “ಒಂದು ತಾಸಿನಲ್ಲಿ ಹ್ಯಾಂಗೆ ಸಿಕ್ತು ನಿಂಗೆ?” ತೆರೆಯ ಮೇಲಿನ ಟಿಪ್ಪಣಿ ತೋರಿಸಿದೆ. ಅವರು ಅದನ್ನು ಸಭೆಗೆ ಗಟ್ಟಿಯಾಗಿ ಓದಿ ಹೇಳಿದರು. ಒಂದು ಪ್ರೋಗ್ರಾಮಿನ ಒಳಗಿನ ಬರಹವನ್ನು ಮೂವತ್ತು ಜನ ಗ್ರಂಥಾಲಯದವರು ಕೂತು ಕೇಳಿದರು, ಮತ್ತು ಅವರಿಗೆ ಅರ್ಥವಾಯಿತು.

ನಂದೊಳ್ಳಿಯ ಗ್ರಂಥಾಲಯದ ಚೌಡಮ್ಮ ಎದ್ದು ನಿಂತು, “ಇದು ನಾವೇ ಓದ್ಕಂಡು ಮಾಡೋ ಹಾಂಗಿದ್ರೆ ನಮ್ಗೆ ಇದೇ ಸಾಕು,” ಎಂದರು. ಕೈ ಎತ್ತಿಸಿದರು. ಇಪ್ಪತ್ತಾರು ಕೈ ನಮ್ಮ ಕಡೆ.

ವಾಪಸು ಬರುವಾಗ ಟೆಂಪೋದಲ್ಲಿ ದೇವಕ್ಕ ಹೇಳಿದರು, “ಇವತ್ತು ನೀ ಭಾಳ ದೊಡ್ಡ ಹೆಂಗ್ಸಿನ ಹಾಂಗೆ ಕಂ‍ಡೆ.” ನಾನು ಮುಖವನ್ನು ಹೊರಗೆ ಮಾಡಿ ಕುಳಿತೆ.

ಬದಲಾಯಿಸಿದ ಕೋಡಿನ ಫ್ಲಾಪಿ ಇಟ್ಟಿದ್ದೇನೆ. ಅತ್ತೆಯವರಿಗೆ ನಮಸ್ಕಾರ ಹೇಳು.

ನಿನ್ನ
ಪ್ರತಿಭಾ


ಯಲ್ಲಾಪುರ
೮ ಜನವರಿ ೨೦೦೩

ಪ್ರಿಯ ಪ್ರತಿಭಾ,

ಅತ್ತೆ ಕೋಲು ಹಿಡಿದು ನಡೆಯುತ್ತಿದ್ದಾರೆ. ಮನೆಗೆ ಬಂದ ದಿನವೇ ನಿನ್ನ ಫ್ಲಾಪಿ ತೆರೆದೆ.

ನನ್ನ ಕೋಡನ್ನು ಬೇರೆಯವರು ತಿದ್ದಿದ್ದನ್ನು ಇದೇ ಮೊದಲು ನೋಡುತ್ತಿದ್ದೇನೆ. ನೀನು ಹೊಸದಾಗಿ ಬರೆದ ಟಿಪ್ಪಣಿಯನ್ನು ಮೊದಲು ಓದಿದೆ. ಹಿಂದೆ ಏನು ನಂಬಿದ್ದೆವು, ಯಾವ ಶಬ್ದದಲ್ಲಿ ಅದು ಸುಳ್ಳಾಯಿತು, ಯಾರು ತೋರಿಸಿಕೊಟ್ಟರು, ಈಗ ಏನು ಮಾಡುತ್ತದೆ ಎಂದು ಐದು ಸಾಲು. ಅದನ್ನು ಓದಿ ಕೋಡಿಗೆ ಬರುವಷ್ಟರಲ್ಲಿ ನನಗೆ ಕೇಳುವುದಕ್ಕೆ ಒಂದು ಪ್ರಶ್ನೆಯೂ ಉಳಿದಿರಲಿಲ್ಲ. ನಾನು ಬರೆದಿದ್ದರೆ ಇಷ್ಟು ನೇರವಾಗಿ ಬರುತ್ತಿರಲಿಲ್ಲ. ಕಾಲೇಜಿನಲ್ಲಿ ಇಬ್ಬರು ಸಹೋದ್ಯೋಗಿಗಳನ್ನು ಕರೆದು ತೋರಿಸಿದೆ. “ಇದನ್ನು ಬರೆದವಳು ನನ್ನ ಗೆಳತಿ. ಮೂರು ಸಾಲು ಕೋಡಿನಲ್ಲಿ ಇಪ್ಪತ್ತಾರು ಗ್ರಂಥಾಲಯ ಗೆದ್ದವಳು,” ಎಂದು ಹೇಳಿದೆ. ಈ ಸಲ ಹೇಳಿದೆ, ಪ್ರತಿಭಾ.

ಕಳೆದ ವಾರ ಪ್ರೋಗ್ರಾಂ ಇಟ್ಟಿರುವ ಇಂಟರ್‌ನೆಟ್ ತಾಣಕ್ಕೆ ಒಂದು ಪತ್ರ ಬಂದಿದೆ. ಮಧುಕೇಶ್ವರ ಎಂಬ ಒಬ್ಬರು, ಮಂಗಳೂರಿನವರು, ತುಳು ಶಬ್ದಗಳ ಪಟ್ಟಿಗೆ ಇದನ್ನು ಬಳಸಿಕೊಳ್ಳುತ್ತಿದ್ದಾರೆ. ನಮ್ಮನ್ನು ಒಂದು ಮಾತೂ ಕೇಳದೆ ಅರ್ಧ ಕೆಲಸ ಮುಗಿಸಿದ್ದಾರೆ. ‘ಟಿಪ್ಪಣಿಗಳಲ್ಲಿ ಎಲ್ಲ ಇತ್ತು, ಕೇಳುವ ಅಗತ್ಯ ಬರಲಿಲ್ಲ’ ಎಂದು ಬರೆದಿದ್ದಾರೆ. ಆ ವಾಕ್ಯವನ್ನು ನಿನಗಾಗಿ ಹಾಗೆಯೇ ಎತ್ತಿ ಬರೆದಿದ್ದೇನೆ.

ಇಂದಿನಿಂದ ಪ್ರೋಗ್ರಾಮಿಗೆ ನಾವಿಬ್ಬರೂ ಯಜಮಾನರು. ತಾಣದ ಪಾಸ್‌ವರ್ಡ್ ಬೇರೆ ಚೀಟಿಯಲ್ಲಿದೆ, ಓದಿ ಹರಿದುಹಾಕು. ಯಾರು ಏನು ಬದಲಾವಣೆ ಕಳಿಸಿದರೂ ಸೇರಿಸುವುದು, ಬಿಡುವುದು ನಿನ್ನ ತೀರ್ಮಾನ. ನಾನು ಕಳಿಸಿದ್ದೂ ಸೇರಿ. ನನ್ನ ಅಪ್ಪಣೆ ಕೇಳಬೇಡ.

ಮೊದಲನೆಯದಾಗಿ ನನ್ನದೇ ಒಂದನ್ನು ಕಳಿಸಿದ್ದೇನೆ. ಪಟ್ಟಿ ಜೋಡಿಸುವ ವೇಗ ಎರಡು ಪಟ್ಟು ಆಗುತ್ತದೆ. ನೋಡಿ ಸೇರಿಸು.

ನಿನ್ನ
ನೀಲಾ


ಸಿದ್ದಾಪುರ
೨ ಫೆಬ್ರವರಿ ೨೦೦೩

ಪ್ರಿಯ ನೀಲಾ,

ಪಾಸ್‌ವರ್ಡ್ ಬಂತು. ಓದಿದೆ, ಹರಿದೆ. ಆ ದಿನ ಕ್ಲಾಸಿನ ಹುಡುಗಿಯರಿಗೆಲ್ಲ ಮಧ್ಯಾಹ್ನದ ಮೇಲೆ ರಜೆ ಕೊಟ್ಟೆ, ಕಾರಣ ಹೇಳಲಿಲ್ಲ.

ಹದಿನೆಂಟು ಗ್ರಂಥಾಲಯಗಳಲ್ಲಿ ಈಗ ಪ್ರೋಗ್ರಾಂ ನಡೆಯುತ್ತಿದೆ. ದೇವಕ್ಕ ನಂದೊಳ್ಳಿಗೆ ಹೋಗಿ ಎರಡು ದಿನ ಇದ್ದು ಚೌಡಮ್ಮನಿಗೆ ಕಲಿಸಿ ಬಂದರು. “ನಾ ಹಿಂದೆ ಕುರ್ಚಿ ಹಾಕ್ಕಂಡು ಕೂತೆ. ಬಾಯಿ ಬಿಡ್ಲಿಲ್ಲ,” ಎಂದು ಹೇಳಿದರು. ಮಂಗಳೂರಿನವರ ಪತ್ರದ ಆ ವಾಕ್ಯವನ್ನು ಅಪ್ಪ ನನ್ನಿಂದ ಮೂರು ಸಲ ಓದಿಸಿದ.

ಇನ್ನು ನೀನು ಕಳಿಸಿದ ಬದಲಾವಣೆಯ ವಿಷಯ. ನಾಲ್ಕು ದಿನ ಕುಳಿತು ನೋಡಿದೆ. ನಿಲ್ಕುಂದದ ಪೂರ್ತಿ ಪಟ್ಟಿಯ ಮೇಲೆ ಓಡಿಸಿದೆ. ಎಲ್ಲ ಸರಿಯಾಗಿದೆ, ವೇಗ ಎರಡು ಪಟ್ಟಿಗಿಂತ ಹೆಚ್ಚೇ ಆಗಿದೆ. ಒಳ್ಳೆಯ ಕೆಲಸ.

ಸೇರಿಸಿಲ್ಲ.

ಇನ್ನೂರ ಹನ್ನೆರಡು ಸಾಲು ಬದಲಾಯಿಸಿ ಅದರ ಮೇಲೆ ‘ಸುಧಾರಣೆ’ ಎಂದು ಒಂದೇ ಶಬ್ದ ಬರೆದಿದ್ದೀಯ. ಒಂದು ಭಾಗದ ಹೆಸರು ‘ಕೇಸರಿಬಾತ್’. ಹಳೆಯದು ಯಾಕೆ ನಿಧಾನವಾಗಿತ್ತು, ಹೊಸದು ಯಾಕೆ ಬೇಗ, ಎಲ್ಲಿ ಕೆಡಬಹುದು ಎಂದು ನಿನಗೆ ಅನುಮಾನವಿದೆ, ಇಷ್ಟನ್ನು ಬರೆದು ಕಳಿಸು. ಅವಸರವಿಲ್ಲ. ಅಲ್ಲಿಯವರೆಗೆ ಹಳೆಯದೇ ನಡೆಯಲಿ. ಅದು ನಿಧಾನವಾದರೂ ಒಳಗೆ ಏನು ನಡೆಯುತ್ತಿದೆ ಎಂಬುದು ನಮ್ಮೆಲ್ಲರಿಗೂ ಗೊತ್ತು.

ನಿನ್ನ
ಪ್ರತಿಭಾ